ಅಂಚಿನಲ್ಲಿ ನಿಂತವನು

ಹೋದ ತಿಂಗಳು ಮುಂಬಯಿಯ ಕಾಂದಿವಲಿಯಲ್ಲಿರುವ ನನ್ನ ತಂಗಿಯ ಮಗನ ಮನೆಗೆ ಹೋಗಿದ್ದೆ. ಅವನ ಮಗ ನಿಖಿಲ್ ನನ್ನನ್ನು ಕಂಪ್ಯೂಟರಿನ ಎದುರು ಕೂರಿಸಿ, "ಅಜ್ಜಾ, ಇದು ದೇಖೋ. ನಿಮಗೆ ಟ್ರೇನ್ ಪಸಂದ್ ಅಲ್ವಾ?" ಎಂದ. ಬ್ರಿಟನ್ನಿನ ಹಳೆಯ ರೈಲುಗಳ ಫೋಟೋಗಳನ್ನು ಹಂಚಿಕೊಂಡು ಅವುಗಳ ಬಗ್ಗೆ ಮಾತಾಡುವವರ ಗುಂಪು ಅದು. ತೆರೆಯ ಮೇಲೆ ಒಂದು ಎಂಜಿನ್ ಷೆಡ್ಡಿನ ಕಪ್ಪುಬಿಳುಪು ಚಿತ್ರವಿತ್ತು. ಕೆಳಗೆ ವಾದ ನಡೆದಿತ್ತು. ಚಿಮಣಿ ಗಿಡ್ಡವಾಯಿತೆಂದು ಒಬ್ಬ, ಇಲ್ಲ, ಕ್ಯಾಮೆರಾದ ಕೋನ ಹಾಗಿದೆಯೆಂದು ಇನ್ನೊಬ್ಬ, ಇಬ್ಬರೂ ತಪ್ಪು ಎಂದು ಮೂರನೆಯವನು. ಆ ಮಾತಿನ ಧಾಟಿ ನನಗೆ ಹೊಸದಲ್ಲ.

"ಎಂಜಿನ್ ಯಾವ್ದು ಬೋಲೋ ಅಜ್ಜಾ," ಎಂದ ನಿಖಿಲ್.

ನಾನು ಎಂಜಿನ್ ನೋಡಿರಲಿಲ್ಲ. ಚಿತ್ರದ ಬಲ ಅಂಚನ್ನು ನೋಡುತ್ತಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಮೊದಲು ಅಂಚನ್ನು ನೋಡುವ ಈ ರೂಢಿ ಐವತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಬಂದದ್ದು.

ಆಗ ನನಗೆ ಇಪ್ಪತ್ತೇಳು ವರ್ಷ. ಫೋರ್ಟಿನ ಒಂದು ಇಂಗ್ಲಿಷ್ ದೈನಿಕದಲ್ಲಿ ಉಪಸಂಪಾದಕನಾಗಿದ್ದೆ. ಘಾಟ್ಕೋಪರ್ ಸ್ಟೇಷನ್ನಿಗೆ ಹತ್ತಿರದ ಚಾಳಿನ ಎರಡನೆಯ ಮಹಡಿಯಲ್ಲಿ ನಾನೂ ನನ್ನ ತಾಯಿಯೂ ಇದ್ದೆವು. ನಾನು ಧಾರವಾಡದಲ್ಲಿ ಅಜ್ಜನ ಮನೆಯಲ್ಲಿ ಓದಿ ತಡವಾಗಿ ಬಂದವನು. ತಾಯಿ, ತಂದೆ ಬದುಕಿದ್ದ ಕಾಲದಿಂದಲೂ ಆ ಚಾಳಿನಲ್ಲೇ ಇದ್ದವಳು. ಅಲ್ಲಿಯ ಪ್ರತಿ ಬಾಗಿಲ ಹಿಂದಿನ ಸಂಸಾರವೂ ಅವಳಿಗೆ ಗೊತ್ತಿತ್ತು.

ಸ್ಟೇಷನ್ನಿನ ಎದುರಿಗೆ ಶೀನಪ್ಪ ಶೆಟ್ಟರ ಹೋಟೆಲು. ಅದರ ಹಿಂದಿನ ಫ್ಯಾಮಿಲಿ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾವು ಮೂವರು ಸೇರುತ್ತಿದ್ದೆವು. ಶೆಟ್ಟರು, ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಧಾರವಾಡದ ದೇಸಾಯಿ ಮತ್ತು ನಾನು. ಶೆಟ್ಟರ ಊರು ಉಡುಪಿಯ ಕಡೆಯದು. ಅಲ್ಲಿ ಆಗ ರೈಲೇ ಇರಲಿಲ್ಲ. ಸಮುದ್ರದ ಮೇಲೆ ಹಡಗಿನಲ್ಲಿ ಮುಂಬಯಿಗೆ ಬಂದು ಇಳಿದ ಮೇಲೆಯೇ ಅವರು ಮೊದಲ ಸಲ ರೈಲು ನೋಡಿದ್ದು. ಹೋಟೆಲಿನ ಗಲ್ಲಾದಲ್ಲಿ ಕೂತೇ, ಹಾದುಹೋದ ಗಾಡಿಯ ಎಂಜಿನ್ ಯಾವ ಜಾತಿಯದೆಂದು ಸದ್ದಿನಿಂದ ಹೇಳುತ್ತಿದ್ದರು.

ನಮ್ಮ ಕೆಲಸ ಇಷ್ಟೇ. ಇಂಗ್ಲೆಂಡಿನಲ್ಲಿ ಯಾರ್ಕ್ ಕಡೆಯ ಒಬ್ಬ ನಿವೃತ್ತ ಟಿಕೆಟ್ ಗುಮಾಸ್ತರ ಜೊತೆ ನನಗೆ ಪತ್ರವ್ಯವಹಾರವಿತ್ತು. ದೇಸಾಯಿ ಖಂಡಾಲಾ ಘಾಟಿನಲ್ಲಿ ತೆಗೆದ ಚಿತ್ರಗಳನ್ನು ನಾವು ಕಳಿಸುತ್ತಿದ್ದೆವು. ಅವರು ತಮ್ಮ ದೇಶದ ಎಂಜಿನ್ನುಗಳ ಚಿತ್ರ ಕಳಿಸುತ್ತಿದ್ದರು. ಲಕೋಟೆ ಬಂದ ಭಾನುವಾರ ಚಿತ್ರಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸುವುದು. ಕಾಫಿ ಬರುವ ತನಕ ಯಾರೂ ವಿವರ ಬರೆದಿದ್ದ ಹಿಂಬದಿಯನ್ನು ತಿರುಗಿಸಿ ನೋಡುವಂತಿಲ್ಲ. ಚಕ್ರ ಎಣಿಸಿ, ಬಾಯ್ಲರಿನ ಮೇಲಿನ ಗುಮ್ಮಟ ನೋಡಿ, ಯಾವ ವರ್ಗದ ಎಂಜಿನ್, ಯಾವ ಕಾಲದ್ದು ಎಂದು ಹೇಳಬೇಕು. ತಪ್ಪು ಹೇಳಿದವನು ಮುಂದಿನ ವಾರ ಮೈದಾ ಅಂಟು ಕುದಿಸಿ ತರಬೇಕು.

ಆ ಅಂಟಿನಿಂದ ಚಿತ್ರಗಳನ್ನು ಆಲ್ಬಮ್ಮಿಗೆ ಹಚ್ಚುತ್ತಿದ್ದೆವು. ಹಚ್ಚುವ ಮೊದಲು ಕತ್ತರಿಸುವುದು ನನ್ನ ಪಾಲಿನ ಕೆಲಸ. ಪತ್ರಿಕೆಯಲ್ಲೂ ನಾನು ಅದನ್ನೇ ಮಾಡುತ್ತಿದ್ದೆ. ಅಂಕಣದ ಅಗಲಕ್ಕೆ ಚಿತ್ರವನ್ನು ಇಳಿಸಬೇಕು. ಮಂತ್ರಿ ಉಳಿಯಬೇಕು, ಪಕ್ಕದಲ್ಲಿ ಹಾರ ಹಿಡಿದು ನಿಂತವನು ಹೋಗಬೇಕು. ಆಲ್ಬಮ್ಮಿಗೆ ನಾವು ಮಾಡಿಕೊಂಡ ನಿಯಮ ಇನ್ನೂ ಸರಳ. ಎಂಜಿನ್ನಿನ ಸುತ್ತ ಒಂದು ಬೆರಳು ಜಾಗ. ಅದರಾಚೆಯದೆಲ್ಲ ಬುಟ್ಟಿಗೆ.

ಆ ವರ್ಷ ಮಳೆ ಜೂನ್ ಎರಡನೆಯ ವಾರ ಹಿಡಿಯಿತು. ಕುರ್ಲಾದ ಬಳಿ ಹಳಿಗಳು ಮುಳುಗಿ ಲೋಕಲ್ಲುಗಳು ನಿಂತವು. ಚಾಳಿನ ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತಿತ್ತು. ಅಂಟು ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತಿತ್ತು. ಜೂನ್ ಕೊನೆಯ ಭಾನುವಾರ ಒಡೆದ ಲಕೋಟೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು. ಮಳೆಯಲ್ಲಿ ತೊಯ್ದ ಎಂಜಿನ್ ಷೆಡ್ಡು, ಅದರ ಬಾಯಲ್ಲಿ ಒಂದು ಕರಿ ಎಂಜಿನ್, ಬಲ ಅಂಚಿನಲ್ಲಿ ಮೂವರು ಕೆಲಸಗಾರರು.

"ಈ ಕೊನೆಯವ ನಮ್ಮವನ ಹಾಗೆ ಕಾಣ್ತಾನೆ ಮಾರಾಯ್ರೆ," ಎಂದರು ಶೆಟ್ಟರು. "ಮುಖ ನೋಡಿ. ಬಿಳಿ ದೊರೆ ಅಲ್ಲ ಇವ."

"ಶೆಟ್ರ, ನಿಮಗ ಎಲ್ಲೆ ನೋಡಿದ್ರೂ ನಿಮ್ಮೂರವರಽ ಕಾಣ್ತಾರ," ಎಂದರು ದೇಸಾಯಿ. "ನಾಳೆ ಚಂದ್ರನ ಮ್ಯಾಲ ಯಾರರೆ ಹೋದ್ರ, ಅಲ್ಲೆ ನಿಮ್ಮ ಅಳಿಯಾ ಇಡ್ಲಿ ಬೇಸಲಿಕ್ಕೆ ಹತ್ತಿರ್ತಾನ. ಸಿಲಿಂಡರ್ ಎರಡೋ ಮೂರೋ, ಅದನ್ನ ಹೇಳ್ರಿ."

"ಎರಡು. ಅಂಟು ನೀವೇ ತನ್ನಿ ಈ ಸಲ."

ಎರಡು ಎಂಬುದು ಸರಿಯಿತ್ತು. ಹಿಂಬದಿಯಲ್ಲಿ ಎಂಜಿನ್ನಿನ ಸಂಖ್ಯೆ ಮತ್ತು ಷೆಡ್ಡಿನ ಹೆಸರು ಮಾತ್ರ ಬರೆದಿತ್ತು. ನಾನು ಸ್ಕೇಲು ಇಟ್ಟು, ಬ್ಲೇಡಿನಿಂದ ಬಲಬದಿಯ ಎರಡು ಇಂಚು ಕತ್ತರಿಸಿದೆ. ಆ ಪಟ್ಟಿ ಬಾಳೆಲೆಯ ಚೂರುಗಳಿದ್ದ ಬುಟ್ಟಿಗೆ ಬಿತ್ತು.

ಮನೆಗೆ ಹೋಗಿ ಶೆಟ್ಟರ ಮಾತನ್ನು ತಾಯಿಗೆ ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಆ ಫೋಟೋ ಎಲ್ಲೆ ಅದ ರಾಘ್ಯಾ?"

ಅವಳು ಯಾರನ್ನು ನೆನೆಸಿಕೊಂಡಳೆಂದು ನನಗೆ ಆಗ ಹೊಳೆಯಿತು. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಸುಭದ್ರಾಬಾಯಿ ಇದ್ದಳು. ವಿಜಾಪುರದವಳು, ಮೂವತ್ತೆರಡು ಮೂವತ್ತಮೂರರ ಹೆಂಗಸು. ಕನ್ನಡ ಶಾಲೆಯೊಂದರಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದಳು. ಅವಳ ಗಂಡ ಗುರುನಾಥ ರೈಲ್ವೆ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು. ಯುದ್ಧದ ಕಾಲದಲ್ಲಿ ಸರಕಾರ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿದ ಕೆಲಸಗಾರರ ತಂಡದಲ್ಲಿ ಹೋದ. ಮೊದಲ ಒಂದೂವರೆ ವರ್ಷ ಪತ್ರ ಬರೆದ. ಆಮೇಲೆ ಬರೆಯಲಿಲ್ಲ. ಅವನ ಜೊತೆ ಹೋದವರು ತಿರುಗಿ ಬಂದರು. ಅವನು ಊರು ಬದಲಿಸಿದನೆಂದು ಒಬ್ಬ ಹೇಳಿದ, ಬಾಂಬು ಬಿದ್ದ ವಾರದಿಂದ ಕಾಣಲಿಲ್ಲವೆಂದು ಇನ್ನೊಬ್ಬ. ಕಚೇರಿಗಳಿಂದ ಬಂದ ಉತ್ತರಗಳಲ್ಲಿ ಏನೂ ಇರಲಿಲ್ಲ.

ಸುದ್ದಿಯೇ ಇಲ್ಲದೆ ಹನ್ನೆರಡು ವರ್ಷ ಕಳೆದವನನ್ನು ಸತ್ತವನೆಂದು ಎಣಿಸುವ ಪದ್ಧತಿ ಅವರ ಮನೆತನದಲ್ಲಿತ್ತು. ಮುತ್ತಲ ಎಲೆಗಳಿಂದ ಮನುಷ್ಯನ ಆಕೃತಿ ಮಾಡಿ ಅದನ್ನು ಸುಡುತ್ತಾರೆ. ಅವತ್ತಿನಿಂದ ಹೆಂಡತಿ ವಿಧವೆ. ಗುರುನಾಥನ ಕೊನೆಯ ಪತ್ರಕ್ಕೆ ಆ ಭಾದ್ರಪದದಲ್ಲಿ ಹನ್ನೆರಡು ತುಂಬುತ್ತಿತ್ತು. ಪಿತೃಪಕ್ಷದ ಅಮಾವಾಸ್ಯೆಗೆ ನಾಸಿಕದಲ್ಲಿ ದಹನವೆಂದು ಅವಳ ಮಾವ ಶಾಮರಾಯರು ವಿಜಾಪುರದಿಂದ ಬರೆದಿದ್ದರು. ಅದು ಮುಗಿದ ಮೇಲೆ ಸೊಸೆಯನ್ನು ಊರಿಗೆ ಕರೆದೊಯ್ಯುವುದೆಂದೂ, ಶಾಲೆಯ ಕೆಲಸ ಸಾಕೆಂದೂ ಅದೇ ಪತ್ರದಲ್ಲಿತ್ತು.

ಆ ಪತ್ರ ಬಂದ ದಿನ ಅವಳು ನನ್ನ ತಾಯಿಗೆ ಹೇಳಿದ್ದು ನನಗೆ ಕೇಳಿಸಿತ್ತು. "ಹನ್ನೆರಡು ವರ್ಷ ಕಾಯೂದು ನನಗೇನೂ ಅನಸ್ಲಿಲ್ಲ ಕಾಕು. ದಿನಾ ಸಾಲಿಗೆ ಹೋದೆ, ಬಂದೆ. ಇನ್ನ ಮ್ಯಾಲಿನ ಮೂವತ್ತು ವರ್ಷ ಊರಾಗ ಮಾವನ ಮನಿ ಹಿತ್ತಲ ಖೋಲ್ಯಾಗ ಹ್ಯಾಂಗ ಕೂಡ್ಲಿ?"

ತಾಯಿ ಫೋಟೋದ ಸಂಗತಿಯನ್ನು ಅಂದೇ ಅವಳಿಗೆ ಹೇಳಿದಳು.

ಮುಂದಿನ ಭಾನುವಾರ ಸುಭದ್ರಾಬಾಯಿ ಹೋಟೆಲಿಗೆ ಬಂದಳು. ತೊಯ್ದ ಕೊಡೆಯನ್ನು ಬಾಗಿಲಿಗೆ ಆನಿಸಿಟ್ಟು ನಮ್ಮ ಮೇಜಿನ ಮುಂದೆ ಕೂತಳು. ದೇಸಾಯಿ ಆಲ್ಬಮ್ ತೆಗೆದು ಆ ಪುಟವನ್ನು ಅವಳ ಕಡೆಗೆ ತಿರುಗಿಸಿದರು. ಎಂಜಿನ್ ಇತ್ತು, ಸುತ್ತ ಒಂದು ಬೆರಳು ಜಾಗವಿತ್ತು. ಬಲ ಅಂಚಿನಲ್ಲಿ, ಎಂಜಿನ್ನಿನ ಮೂತಿಯ ಬಫರಿನ ಪಕ್ಕ, ಯಾರದೋ ಒಂದು ಮೊಣಕೈ ಉಳಿದಿತ್ತು.

ಅವಳು ಅದರ ಮೇಲೆ ಬೆರಳಿಟ್ಟಳು. "ಇಷ್ಟಽ ಉಳದದೇನ್ರಿ?"

"ಹೌದು," ಎಂದೆ.

"ಉಳದದ್ದು?"

"ಕತ್ತರಿಸಿದೆ. ಬುಟ್ಟಿಗೆ ಹೋತು."

"ಯಾಕ ಕತ್ತರಿಸಿದ್ರಿ ರಾಘಣ್ಣ?"

ನಿಯಮವನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಶೆಟ್ಟರು ಎದ್ದು ಹೋಗಿ ತಾವೇ ಕಾಫಿ ತಂದಿಟ್ಟರು. ಅವಳು ಮುಟ್ಟಲಿಲ್ಲ. ದೇಸಾಯಿ ಎಂಜಿನ್ನಿನ ಬಗ್ಗೆ ಮಾತಾಡತೊಡಗಿದರು. ನಮಗೆ ಗೊತ್ತಿದ್ದದ್ದು ಅದೊಂದೇ.

"ಇಲ್ಲೆ ನೋಡ್ರಿ ಬಾಯಿ. ಎಂಜಿನ್ನಿನ ಹಿಂದ ಕಲ್ಲಿದ್ದಲಿ ತುಂಬೋ ಡಬ್ಬಿ ಅದ. ಅದರ ಮ್ಯಾಲ ಗಾಲಿ ಮ್ಯಾಲ ನಿಂತ ಸಿಂಹದ ಗುರ್ತು ಕಾಣ್ತದಲಾ? ಮೊದಲ ಅಲ್ಲೆ ಬ್ಯಾರೆ ಬ್ಯಾರೆ ಕಂಪನಿ ಇದ್ದವು. ಸರಕಾರ ಎಲ್ಲಾ ತಗೊಂಡ ಮ್ಯಾಲ, ನಲವತ್ತೊಂಬತ್ತರಿಂದ ಈಚೆ ಈ ಸಿಂಹ ಬಂತು. ಅದರ ಹಿಂದಿನ ಫೋಟೋ ಇದು ಆಗೂದಽ ಶಕ್ಯ ಇಲ್ಲ. ಬೇಕಾದ್ರ ಬರದು ಕೊಡ್ತೀನಿ."

ಅವಳು ಸಿಂಹವನ್ನು ನೋಡಿದಳು. ನಂತರ ಮೊಣಕೈಯನ್ನು.

"ಅಂದ್ರ ಈ ಕೈ ಯಾರದಽ ಇರ್ಲಿ," ಎಂದಳು, "ಆರು ವರ್ಷದೊಳಗಿಂದು."

ಅವಳು ಹೇಳುವ ತನಕ ನಮಗೆ ಅದು ಹೊಳೆದಿರಲಿಲ್ಲ. ಅಂಚಿನಲ್ಲಿದ್ದವನು ಗುರುನಾಥನೇ ಆಗಿದ್ದರೆ, ಕಡೇಪಕ್ಷ ಆರು ವರ್ಷದ ಹಿಂದಿನ ತನಕ ಅವನು ಬದುಕಿದ್ದ. ಹನ್ನೆರಡು ವರ್ಷದ ಲೆಕ್ಕ ಬೀಳುತ್ತಿತ್ತು. ದಹನಕ್ಕೆ ಆಧಾರವಿರುತ್ತಿರಲಿಲ್ಲ.

ಅದೇ ದಿನ ಸಂಜೆ ಯಾರ್ಕಿನ ಸ್ನೇಹಿತರಿಗೆ ಏರ್‌ಮೇಲಿನಲ್ಲಿ ಬರೆದೆ. ಅದೇ ಚಿತ್ರದ ಇನ್ನೊಂದು ಪ್ರತಿ ಬೇಕು, ಪೂರ್ತಿ ಬೇಕು, ಅಂಚಿನಲ್ಲಿರುವವರ ಹೆಸರು ಗೊತ್ತಿದ್ದರೆ ತಿಳಿಸಿ. ಮೂರು ವಾರದ ಮೇಲೆ ಉತ್ತರ ಬಂತು. ಚಿತ್ರ ತೆಗೆದವರು ತಾವಲ್ಲ, ತೆಗೆದ ಗೆಳೆಯ ಬೇರೆ ಊರಿನಲ್ಲಿದ್ದಾರೆ, ಕೇಳಿ ಕಳಿಸುತ್ತೇನೆ ಎಂದಿತ್ತು. ನಾನು ಮತ್ತೆ ಬರೆದೆ. ಈ ಸಲ ಅಮಾವಾಸ್ಯೆ ಯಾವ ತಾರೀಖಿಗೆ ಬರುತ್ತದೆಂದೂ ತಿಳಿಸಿದೆ. ಅದರ ಅರ್ಥ ಅವರಿಗೆ ಎಷ್ಟು ಆಯಿತೋ ತಿಳಿಯದು.

ಜುಲೈ ಹೋಯಿತು, ಆಗಸ್ಟ್ ಹೋಯಿತು. ನಾನು ದಿನಾ ಆಫೀಸಿಗೆ ಹೋದೆ. ಮಳೆಯ ಅಂಕಿ, ಬಿದ್ದ ಗೋಡೆಗಳು, ತಡವಾದ ಗಾಡಿಗಳು ಎಂದು ಸುದ್ದಿ ತಿದ್ದಿದೆ. ಚಿತ್ರಗಳನ್ನು ಕತ್ತರಿಸಿದೆ. ಬೆಳಗ್ಗೆ ನಲ್ಲಿಯ ಬಳಿ ಸುಭದ್ರಾಬಾಯಿ ಎದುರಾದರೆ, "ಬಂತೇನ್ರಿ?" ಎನ್ನುತ್ತಿದ್ದಳು. "ಇಲ್ಲ," ಎನ್ನುತ್ತಿದ್ದೆ. ಅಷ್ಟೇ ಮಾತು. ಕೆಲವು ದಿನ ಅವಳು ಹುಬ್ಬನ್ನಷ್ಟೇ ಎತ್ತುತ್ತಿದ್ದಳು, ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ನನಗೆ ತಪ್ಪಿತಸ್ಥ ಎನ್ನಿಸಬೇಕಿತ್ತು ಎಂದು ಆಗಲೂ ಗೊತ್ತಿತ್ತು. ಏನೂ ಅನ್ನಿಸಲಿಲ್ಲ.

ಗಣೇಶ ಚೌತಿ ಮುಗಿದು ಪಿತೃಪಕ್ಷ ಹಿಡಿಯಿತು. ತನ್ನ ತಂದೆಯ ಶ್ರಾದ್ಧಕ್ಕೆಂದು ತಾಯಿ ಧಾರವಾಡದ ಸೋದರಮಾವನ ಮನೆಗೆ ಹೋದಳು. ಎರಡು ದಿನಕ್ಕೆ ಶಾಮರಾಯರು ವಿಜಾಪುರದಿಂದ ಬಂದಿಳಿದರು. ಎಪ್ಪತ್ತರ ಮೇಲಿನ ಮುದುಕರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗ್ಯಾಲರಿಯಲ್ಲಿ ಕಟಕಟೆ ಹಿಡಿದು ನಡೆಯುತ್ತಿದ್ದರು. ಜೊತೆಯ ಗಂಟಿನಲ್ಲಿ ಮುತ್ತಲ ಎಲೆಯ ಕಟ್ಟು ಇತ್ತು. ನಾಸಿಕದಲ್ಲಿ ಸಿಕ್ಕುತ್ತದೋ ಇಲ್ಲವೋ ಎಂದು ಊರಿನಿಂದಲೇ ತಂದಿದ್ದರು.

ಅಮಾವಾಸ್ಯೆಗೆ ನಾಲ್ಕು ದಿನವಿದ್ದಾಗ ಹೋಟೆಲಿನ ವಿಳಾಸಕ್ಕೆ ಲಕೋಟೆ ಬಂತು. ಶೆಟ್ಟರು ಒಡೆಯದೆ ಗಲ್ಲಾದಲ್ಲಿಟ್ಟು, ದೇಸಾಯಿಯನ್ನೂ ಕರೆಸಿ, ನಾನು ಬರುವುದನ್ನು ಕಾಯುತ್ತಿದ್ದರು. ಫ್ಯಾಮಿಲಿ ರೂಮಿನಲ್ಲಿ ನಾನು ಲಕೋಟೆ ಬಿಡಿಸಿದೆ. ಚಿತ್ರ ಪೂರ್ತಿಯಿತ್ತು. ಪತ್ರದಲ್ಲಿ ಎರಡೇ ಸಾಲು. ಕೆಲಸಗಾರರ ಹೆಸರು ಗೊತ್ತಿಲ್ಲ, ಕ್ಷಮಿಸಿ. ಚಿತ್ರ ತೆಗೆದವರು ಎಂಜಿನ್ನಿನ ಸಂಖ್ಯೆಯನ್ನಷ್ಟೇ ಬರೆದಿಟ್ಟುಕೊಂಡಿದ್ದಾರೆ.

ಮೂವರೂ ಕೊನೆಯವನನ್ನು ನೋಡಿದೆವು. ಕಪ್ಪು ಮುಖ, ಎತ್ತರದ ಆಳು, ಕೈ ಸೊಂಟದ ಮೇಲೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಮುಖದ ಕಪ್ಪು ಕತ್ತಿನ ನಡುವಿಗೆ ಬಂದು ನಿಂತಿತ್ತು. ಅದರ ಕೆಳಗೆ ಬೆಳ್ಳಗಿತ್ತು.

"ಅಯ್ಯೋ ದೇವರೇ, ಮಸಿ," ಎಂದರು ಶೆಟ್ಟರು. "ಕಲ್ಲಿದ್ದಲಿನ ಮಸಿ ಮಾರಾಯ್ರೆ. ಇವ ದೊರೆಯೇ. ಎಂತ ಮಾಡಿದೆ ನಾನು! ಸುಮ್ಮನಿರ್ಲಿಕ್ಕೆ ಆಗ್ಲಿಲ್ವಲ್ಲ ನನಗೆ."

ದೇಸಾಯಿ ಭೂತಗನ್ನಡಿ ತೆಗೆದು ನೋಡಿ ಕೆಳಗಿಟ್ಟರು. "ತೋರಸಲೇಬೇಕೇನು?" ಎಂದರು.

"ಕಾಯ್ತಿದ್ದಾಳೆ," ಎಂದೆ.

ನಾನು ಹೋದಾಗ ಶಾಮರಾಯರು ಮಂಚದ ಮೇಲೆ ಕೂತಿದ್ದರು. ಸುಭದ್ರಾಬಾಯಿ ಗೋಧಿ ಹಸನು ಮಾಡುತ್ತಿದ್ದಳು. ನನ್ನ ಕೈಯಲ್ಲಿದ್ದ ಲಕೋಟೆ ಕಂಡು ಮೊರವನ್ನು ಬದಿಗೆ ಸರಿಸಿ ಎದ್ದಳು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಮುಖ ನೋಡಿದಳು, ಆಮೇಲೆ ಕತ್ತು ನೋಡಿದಳು. ಕತ್ತಿನ ಮೇಲೆ ಅವಳ ಕಣ್ಣು ನಿಂತದ್ದನ್ನು ನಾನು ಕಂಡೆ. ಒಂದನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವಷ್ಟು ಸ್ಪಷ್ಟವಿತ್ತು ಅದು.

"ಏನವಾ, ಯಾರು?" ಎಂದರು ಮಾವ.

"ಅವರಽ ಅದಾರ್ರಿ," ಎಂದಳು.

ಮುದುಕರು ಕೈ ಚಾಚಿದರು. ಅವಳು ಚಿತ್ರವನ್ನು ಕೊಟ್ಟಳು. ಅವರು ಅದನ್ನು ಕಣ್ಣಿನ ತೀರ ಹತ್ತಿರ ಹಿಡಿದರು, ದೂರ ಹಿಡಿದರು, ಅಂಗೈಯಿಂದ ಒರೆಸಿ ಮತ್ತೆ ಹಿಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ರಾಘಪ್ಪಾ, ನೀ ಪೇಪರದಾಂವ. ನಾಕು ಮಂದಿ ನಂಬೂ ಮಾತು ಬರಿಯಾಂವ. ನೀ ಹೇಳು."

ಸುಭದ್ರಾಬಾಯಿ ನನ್ನನ್ನು ನೋಡಲಿಲ್ಲ. ಕೂತು ಮೊರವನ್ನು ಮತ್ತೆ ಎಳೆದುಕೊಂಡಳು. ಕಲ್ಲು ಆರಿಸುವ ಬೆರಳುಗಳು ಮಾತ್ರ ಆಡುತ್ತಿರಲಿಲ್ಲ.

"ಇದು ನಲವತ್ತೊಂಬತ್ತರ ಈಚಿನ ಫೋಟೋ ರಾಯರ," ಎಂದೆ. "ಎಂಜಿನ್ನಿನ ಗುರ್ತಿನಿಂದ ತಿಳೀತದ. ಅದು ಖಾತ್ರಿ."

"ಅಂದ್ರ ಆರು ವರ್ಷ."

"ಆರರ ಒಳಗಽ."

"ಹಂಗಾದ್ರ ಹನ್ನೆರಡು ಆಗಿಲ್ಲ."

"ಆರು ವರ್ಷಕ್ಕಿಂತ ಹಿಂದಿನ ಫೋಟೋ ಇದಲ್ಲ ಅಂತ ನಾ ಸಹಿ ಮಾಡಿ ಕೊಡ್ತೀನಿ."

ಮುದುಕರು ಚಿತ್ರವನ್ನು ಮಡಿಲಲ್ಲಿಟ್ಟುಕೊಂಡರು. ಪೊರೆಗಣ್ಣಿನಿಂದ ನೀರು ಇಳಿಯಿತು. ಧೋತರದ ಚುಂಗಿನಿಂದ ಒರೆಸಿಕೊಂಡರು. "ಮಗಾ ಜೀವಂತ ಅದಾನ," ಎಂದರು. "ಬರಿಯೂದು ಬಿಟ್ಟಾನ, ಬಿಡ್ಲಿ. ಹ್ಯಾಂಗ ಕಾಣ್ತಾನೋ ರಾಘಪ್ಪಾ? ಮೈಯಾಗ ನೆಟ್ಟಗದಾನೇನು?"

"ನೆಟ್ಟಗ ನಿಂತಾರ್ರಿ," ಎಂದೆ. ಚಿತ್ರದಲ್ಲಿದ್ದವನು ನೆಟ್ಟಗೇ ನಿಂತಿದ್ದ.

ನಾನು ಹೇಳಿದ ಮಾತುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಪತ್ರಿಕೆಯಲ್ಲಿ ಯಾವ ಸಂಪಾದಕನೂ ಅವುಗಳಲ್ಲಿ ಒಂದನ್ನೂ ಹೊಡೆದುಹಾಕುತ್ತಿರಲಿಲ್ಲ. ಈ ಮಾತನ್ನು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಾಸಿಕದ ಪುರೋಹಿತರಿಗೆ ಬೇಡವೆಂದು ತಂತಿ ಹೋಯಿತು. ಊರಿಗೆ ಮರಳುವ ಮುನ್ನ ಶಾಮರಾಯರು ನನ್ನನ್ನು ಕರೆದು ಒಂದು ಪತ್ರ ಬರೆಸಿದರು. ಅವರು ಹೇಳಿದರು, ನಾನು ಬರೆದೆ. ನಿನ್ನ ಮೇಲೆ ಸಿಟ್ಟಿಲ್ಲ, ಅಲ್ಲಿ ಸಂಸಾರ ಮಾಡಿಕೊಂಡಿದ್ದರೂ ಸಿಟ್ಟಿಲ್ಲ, ನಿಮ್ಮವ್ವ ಹೋಗಿ ಮೂರು ವರ್ಷವಾಯಿತು, ಎರಡು ಅಕ್ಷರ ಬರಿ. ಲಕೋಟೆಯ ಮೇಲೆ ಗುರುನಾಥನ ಹೆಸರು, ಆ ಎಂಜಿನ್ ಷೆಡ್ಡಿನ ಹೆಸರು ಬರೆದು, ಅಂಚೆಚೀಟಿ ಹಚ್ಚಿ, ನಾನೇ ಪೆಟ್ಟಿಗೆಗೆ ಹಾಕಿದೆ. ಅವರು ಬದುಕಿದ್ದ ಮುಂದಿನ ನಾಲ್ಕು ವರ್ಷದಲ್ಲಿ ಅಂಥ ಐದು ಪತ್ರಗಳನ್ನು ಕಳಿಸಿದ್ದೇನೆ. ಎರಡು ಹಾಗೇ ತಿರುಗಿ ಬಂದವು. ಅವು ಬಂದದ್ದನ್ನು ಅವರಿಗೆ ತಿಳಿಸಲಿಲ್ಲ.

ಭಾನುವಾರದ ಕೂಟ ಆ ವರ್ಷವೇ ನಿಂತಿತು. ಯಾರೂ ನಿಲ್ಲಿಸೋಣ ಎನ್ನಲಿಲ್ಲ. ಒಂದು ವಾರ ದೇಸಾಯಿ ಬರಲಿಲ್ಲ, ಇನ್ನೊಂದು ವಾರ ನಾನು ಹೋಗಲಿಲ್ಲ.

ತಾಯಿ ಧಾರವಾಡದಿಂದ ನವರಾತ್ರಿಯ ಮೊದಲ ದಿನ ಬಂದಳು. ಆ ಹೊತ್ತಿಗೆ ಮಳೆ ಸರಿದಿತ್ತು. ಎರಡು ದಿನ ಬಿಟ್ಟು ಸುಭದ್ರಾಬಾಯಿ ಚಾಳಿನ ಹೆಂಗಸರನ್ನು ಅರಿಸಿನ ಕುಂಕುಮಕ್ಕೆ ಕರೆದಳು. ಕುಂಕುಮ ತುಂಬಿದ ಬೆಳ್ಳಿಯ ಭರಣಿ ನಮ್ಮಲ್ಲೇ ಇದ್ದದ್ದರಿಂದ ತಂದೆ ಹೋದ ಮೇಲೆ ಯಾರ ಹಣೆಗೂ ಕುಂಕುಮ ಹಚ್ಚದಿದ್ದ ತಾಯಿ ಅದನ್ನು ತಲುಪಿಸಲೆಂದು ಹಿಡಿದು ಹೊರಟಳು. ತೆಂಗಿನಕಾಯಿಯ ಚೀಲ ಎತ್ತಿಕೊಂಡು ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಏಳೆಂಟು ಹೆಂಗಸರು ಕೂತಿದ್ದರು. ಗೋಡೆಯ ಮೇಲೆ, ಮದುವೆಯ ಫೋಟೋದ ಪಕ್ಕದಲ್ಲಿ, ಹೊಸ ಕಟ್ಟು ಹಾಕಿಸಿದ ಆ ಚಿತ್ರ ತೂಗುತ್ತಿತ್ತು. ಎಂಜಿನ್, ಷೆಡ್ಡು, ಮೂವರು ಮನುಷ್ಯರು.

"ಕಾಕು, ನೀವು ಇನ್ನೂ ನೋಡಿಲ್ಲಲ್ಲ," ಎಂದಳು ಸುಭದ್ರಾಬಾಯಿ.

ಗುರುನಾಥ ಹಡಗು ಹತ್ತುವ ಮುನ್ನ ಎರಡು ವರ್ಷ ನನ್ನ ತಾಯಿ ಅವನನ್ನು ದಿನಾ ಕಂಡವಳು. ಅವನಿಗೆ ಊಟಕ್ಕೆ ಬಡಿಸಿದವಳು. ಭರಣಿಯನ್ನು ಬಗಲಲ್ಲಿ ಒತ್ತಿಕೊಂಡು, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಗೋಡೆಯ ಹತ್ತಿರ ಹೋದಳು. ಹೆಂಗಸರೆಲ್ಲ ಅತ್ತ ತಿರುಗಿದರು. ಅವಳು ಮದುವೆಯ ಫೋಟೋ ನೋಡಿದಳು. ಪಕ್ಕದ್ದನ್ನು ನೋಡಿದಳು. ಕನ್ನಡಕ ಸರಿಪಡಿಸಿಕೊಂಡು ಇನ್ನಷ್ಟು ಹತ್ತಿರದಿಂದ ನೋಡಿದಳು.

"ಬಾಳ ಸೊರಗ್ಯಾನ ನೋಡವಾ," ಎಂದಳು.

ಆಮೇಲೆ ಭರಣಿಯ ಮುಚ್ಚಳ ತೆಗೆದು, ಸುಭದ್ರಾಬಾಯಿಯ ಗದ್ದ ಹಿಡಿದು, ಹಣೆಗೆ ಕುಂಕುಮ ಹಚ್ಚಿದಳು.